ಹಿಂದೆ ನಿಂತವರ ಲೆಕ್ಕ
(ಡೆರಿಕ್ ಪೆರೇರಾ ಅವರ ಕಾಲ್ಚೆಂಡಿನ ಬದುಕು: ಒಂದು ವಿಮರ್ಶೆ)

ಆಟೋಟಗಳ ಮಾತು ಬಂತೆಂದರೆ ಪುಣೆಯ ಕನ್ನಡಿಗರಾದ ನಾವು ಕ್ರಿಕೆಟ್ಟನ್ನು ಬಿಟ್ಟು ಆಚೆ ಹೋಗುವವರಲ್ಲ. ವಿಶ್ವನಾಥರ ಸ್ಕ್ವೇರ್ ಕಟ್, ಚಂದ್ರಶೇಖರರ ಗೂಗ್ಲಿ, ಪ್ರಸನ್ನರ ಆಫ್ ಬ್ರೇಕ್, ಆಮೇಲೆ ಕುಂಬ್ಳೆ, ದ್ರಾವಿಡ್ ಎಂದು ಹೆಸರು ಹೇಳುತ್ತ ಹೋದರೆ ಚಹದ ಕಪ್ಪು ತಣ್ಣಗಾಗುವವರೆಗೂ ಮುಗಿಯದು. ಕಾಲ್ಚೆಂಡಾಟದ ಮಾತೆತ್ತಿದರೆ ಮಾತ್ರ ‘ಅದು ಬಂಗಾಲಿಗಳದು, ಗೋವೆಯವರದು’ ಎಂದು ಕೈ ತೊಳೆದುಕೊಳ್ಳುತ್ತೇವೆ. ಇನ್ನು ಆ ಆಟದಲ್ಲಿಯೂ ಹಿಂದಿನ ಸಾಲಿನಲ್ಲಿ ನಿಂತು ಗೋಲು ಕಾಯುವ ಆಟಗಾರರ ಬಗ್ಗೆ ಹೇಳಹೊರಟರೆ ಕೇಳುವವರು ಯಾರು? ಆದರೂ ಈ ಸಲ ಅಂಥ ಒಬ್ಬರ ಬಗ್ಗೆಯೇ ಬರೆಯಬೇಕೆಂದು ನಾವು ಕುಳಿತಿದ್ದೇವೆ. ಅವರು ಕನ್ನಡಿಗರಲ್ಲ, ಗೋವೆಯವರು. ಆದರೆ ಅವರ ವೃತ್ತಿಜೀವನದ ಮುಖ್ಯವಾದೊಂದು ಅಧ್ಯಾಯ ನಡೆದದ್ದು ನಮ್ಮ ಈ ಊರಿನಲ್ಲಿ. ಆ ಅಧ್ಯಾಯ ಮುಗಿದ ರೀತಿ ನಮಗೆ ಬಹಳ ದಿನಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ.

ಡೆರಿಕ್ ಪೆರೇರಾ ಅವರು ಸಾಲ್ಗಾಂವ್ಕರ್ ತಂಡದ ರಕ್ಷಣಾ ಸಾಲಿನಲ್ಲಿ ಆಡಿ ಹೆಸರು ಮಾಡಿದವರು, ಭಾರತದ ಪರವಾಗಿಯೂ ಆಡಿದವರು. ಆಮೇಲೆ ತರಬೇತುದಾರರಾಗಿ ಮುಂಬಯಿಯ ಮಹೀಂದ್ರ ಯುನೈಟೆಡ್, ನಮ್ಮ ಪುಣೆ ಎಫ್.ಸಿ., ತಮ್ಮ ಹಳೆಯ ತಂಡವಾದ ಸಾಲ್ಗಾಂವ್ಕರ್, ಕೊನೆಗೆ ಎಫ್.ಸಿ. ಗೋವಾ ಇವುಗಳನ್ನು ನಡೆಸಿದವರು. ಅವರ ಕೆಲಸವನ್ನು ತೂಗಿ ನೋಡಬೇಕಾದರೆ ಮೊದಲು ಯಾವ ತಕ್ಕಡಿಯಲ್ಲಿ ತೂಗಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಬಂಗಾರ ತೂಗುವ ತಕ್ಕಡಿಯಲ್ಲಿ ಜೋಳ ತೂಗಲಾಗದು.

ರಕ್ಷಣಾ ಆಟಗಾರನ ಕೆಲಸವು ನಮ್ಮಂಥ ಗುಮಾಸ್ತರ ಕೆಲಸದಂತೆಯೇ. ವರ್ಷದ ಮುನ್ನೂರು ದಿನ ಫೈಲು ಸರಿಯಾಗಿ ಸಾಗಿದರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಒಂದು ದಿನ ಒಂದು ಅಂಕಿ ತಪ್ಪಿತೋ, ಆಡಿಟ್ಟಿನವರ ಆಕ್ಷೇಪಣೆ ಬರುತ್ತದೆ, ಹೆಸರು ಆಗ ನೆನಪಾಗುತ್ತದೆ. ಗೋಲು ಹೊಡೆದವನ ಚಿತ್ರ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಆಗಬೇಕಿದ್ದ ಗೋಲು ಆಗದಂತೆ ನೋಡಿಕೊಂಡವನಿಗೆ ಚಿತ್ರವಿಲ್ಲ, ಏಕೆಂದರೆ ಆಗದೆ ಹೋದದ್ದರ ಚಿತ್ರ ತೆಗೆಯುವ ಕ್ಯಾಮೆರಾ ಇನ್ನೂ ಹುಟ್ಟಿಲ್ಲ.

ಆದರೆ ಆ ಕೆಲಸದಲ್ಲಿ ಬುದ್ಧಿಯಿಲ್ಲವೆಂದು ತಿಳಿಯುವುದು ದೊಡ್ಡ ಅನ್ಯಾಯ. ನಾವು ಬಿ.ಎಸ್‌ಸಿ.ಯಲ್ಲಿ ಕಲಿತ ಅಷ್ಟಿಷ್ಟು ತ್ರಿಕೋಣಮಿತಿಯನ್ನು ಇಲ್ಲಿ ಒಮ್ಮೆ ಖರ್ಚು ಮಾಡುತ್ತೇವೆ, ವಾಚಕರು ಸಹಿಸಿಕೊಳ್ಳಬೇಕು. ಗೋಲಿನ ಎರಡು ಕಂಬಗಳ ನಡುವಿನ ಅಂತರ 24 ಅಡಿ, ಎತ್ತರ 8 ಅಡಿ. ಗೋಲಿನ ನಡುವಿಗೆ ನೇರ ಎದುರಾಗಿ 54 ಅಡಿ ದೂರದಲ್ಲಿ ಚೆಂಡು ಹಿಡಿದು ನಿಂತವನಿಗೆ ಎರಡು ಕಂಬಗಳ ನಡುವೆ ಸುಮಾರು 25 ಡಿಗ್ರಿಯಷ್ಟು ಕೋನ ತೆರೆದಿರುತ್ತದೆ. ಅದೇ ಆಟಗಾರನನ್ನು, ಅಷ್ಟೇ ದೂರದಲ್ಲಿಟ್ಟು, ನಡುಗೆರೆಯಿಂದ 60 ಡಿಗ್ರಿ ಪಕ್ಕಕ್ಕೆ ತಳ್ಳಿದರೆ ಆ ಕೋನ ಸುಮಾರು 13 ಡಿಗ್ರಿಗೆ ಇಳಿಯುತ್ತದೆ. ಎಂದರೆ ರಕ್ಷಕನು ಕಾಲಿಗೆ ಕಾಲು ಕೊಡದೆ, ಯಾರನ್ನೂ ಕೆಡವದೆ, ಕೇವಲ ತಾನು ನಿಂತ ಜಾಗದಿಂದಲೇ ಎದುರಾಳಿಗೆ ಹೊರದಾರಿ ತೋರಿಸಿ ಗೋಲನ್ನು ಅರ್ಧಕ್ಕರ್ಧ ಚಿಕ್ಕದು ಮಾಡಿಬಿಟ್ಟ! ನೋಡುವವರಿಗೆ ಅವನು ಸುಮ್ಮನೆ ಹಿಂದೆ ಹಿಂದೆ ಸರಿಯುತ್ತಿರುವಂತೆ ಕಾಣುತ್ತದೆ. ‘ಹೋಗೋ, ಚೆಂಡು ಕಸಿದುಕೊಳ್ಳೋ’ ಎಂದು ಜನ ಕೂಗುತ್ತಾರೆ. ಅವನು ಕೂಗಿಗೆ ಕಿವಿಗೊಟ್ಟು ಮುನ್ನುಗ್ಗಿದನೋ, ಕೆಟ್ಟ.

ಹೀಗೆ ನಿಂತ ಜಾಗದಿಂದ ಇಡೀ ಆಟವನ್ನು ಎದುರಿಗಿಟ್ಟುಕೊಂಡು ನೋಡುವವರು ಗೋಲಿಯನ್ನು ಬಿಟ್ಟರೆ ಹಿಂದಿನ ಸಾಲಿನವರೇ. ಮುಂದಿನ ಸಾಲಿನವನಿಗೆ ಆಟದ ಬಹುಭಾಗ ಬೆನ್ನ ಹಿಂದಿರುತ್ತದೆ. ಹಿಂದೆ ನಿಂತವನಿಗೆ ಇಪ್ಪತ್ತು ಜನರೂ ಕಣ್ಣೆದುರಿಗಿರುತ್ತಾರೆ. ಯಾರು ಎಲ್ಲಿರಬೇಕು, ಯಾರು ಇಲ್ಲ, ಮುಂದಿನ ಗಳಿಗೆಯಲ್ಲಿ ತೂತು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುವುದೇ ಅವನ ದಿನನಿತ್ಯದ ಉದ್ಯೋಗ. ಅಂಥವನು ಮುಂದೆ ತರಬೇತುದಾರನಾದರೆ ಅದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಸವಾಯಿ ಗಂಧರ್ವ ಮಹೋತ್ಸವದಲ್ಲಿ ಹಿಂದೆ ಕುಳಿತು ತಂಬೂರಿ ಮೀಟುವ ಶಿಷ್ಯನನ್ನು ಯಾರೂ ನೋಡುವುದಿಲ್ಲ. ಆದರೆ ಗುರುವಿನ ಒಂದೊಂದು ಸ್ವರವೂ ಎಲ್ಲಿಂದ ಎದ್ದು ಎಲ್ಲಿ ಕುಳಿತಿತೆಂಬುದು ಅವನಿಗೆ ಗೊತ್ತಿರುತ್ತದೆ. ನಾಳೆ ಮುಂದೆ ಬಂದು ಕೂಡುವವನೂ ಅವನೇ.

ನಮ್ಮ ದೇಶ ಈ ಹಿಂದಿನ ಸಾಲಿನ ಬೆಲೆಯನ್ನು ಕಲಿತದ್ದು ಪೆಟ್ಟು ತಿಂದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುಮಟ್ಟಿಗೆ ಬರಿಗಾಲಿನಲ್ಲಿಯೇ ಆಡಿ ಫ್ರಾನ್ಸಿನ ಎದುರು 1–2ರಿಂದ ಸೋತರು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಕನ್ನಡಿಗರು ‘ಅದು ನಮ್ಮ ಆಟವಲ್ಲ’ ಎನ್ನುವ ಮೊದಲು ಇದನ್ನೊಮ್ಮೆ ನೆನೆಯಬೇಕು. ನಾಲ್ಕು ವರ್ಷಗಳ ತರುವಾಯ, 1952ರಲ್ಲಿ, ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮ ಮೇಲೆ ಹತ್ತು ಗೋಲು ಹೊಡೆಯಿತು. ನಮ್ಮದು ಒಂದೇ, ಅದೂ ಬೆಂಗಳೂರಿನ ಅಹಮದ್ ಖಾನರದು. ಮುಂದಿನ ಸಾಲಿನ ಚಮತ್ಕಾರವೊಂದರಿಂದಲೇ ಹೊಟ್ಟೆ ತುಂಬದು ಎಂಬುದು ಆ ದಿನ ಎಲ್ಲರಿಗೂ ತಿಳಿಯಿತು. ಹೈದರಾಬಾದಿನ ರಹೀಂ ಸಾಹೇಬರು ತಂಡವನ್ನು ಹೊಸದಾಗಿ ಕಟ್ಟಿದರು. 1956ರ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ, 1962ರ ಜಕಾರ್ತಾ ಏಶಿಯನ್ ಕ್ರೀಡೆಗಳಲ್ಲಿ ಬಂಗಾರದ ಪದಕ. ಆ ಜಕಾರ್ತಾದ ಫೈನಲ್ಲಿನಲ್ಲಿ ದಕ್ಷಿಣ ಕೊರಿಯಾದ ಮೇಲೆ 2–1ರಿಂದ ಗೆದ್ದಾಗ, ತಲೆಗೆ ಗಾಯವಾಗಿ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೇಲ್ ಸಿಂಗರನ್ನು ರಹೀಂ ಸಾಹೇಬರು ಮುಂದಿನ ಸಾಲಿನಲ್ಲಿ ಆಡಿಸಿದರು, ಅವರು ಗೋಲನ್ನೂ ಹೊಡೆದರು. ಜರ್ನೇಲರೂ ಅವರ ಜೊತೆಗಾರ ಅರುಣ್ ಘೋಷರೂ ಮುಂದೆ ತರಬೇತುದಾರರಾದರು. ಡೆರಿಕ್ ಅವರು ಹಿಡಿದದ್ದು ಈ ಹಾದಿಯನ್ನೇ.

ಅವರು ಬೆಳೆದ ತಂಡದ ಬೇರಿಗೂ ನಮ್ಮ ನಾಡಿನ ನೀರು ಸೋಕಿದೆ. 1980ರ ದಶಕದ ಕೊನೆಯಲ್ಲಿ ಸಾಲ್ಗಾಂವ್ಕರ್ ತಂಡ 1988, 1989ರಲ್ಲಿ ಸಾಲಾಗಿ ಎರಡು ಸಲ ಫೆಡರೇಶನ್ ಕಪ್ ಗೆದ್ದಿತು. 1988ಕ್ಕೆ ಮುಂಚೆ ಗೋವೆಯ ಯಾವ ತಂಡಕ್ಕೂ ಅದು ದಕ್ಕಿರಲಿಲ್ಲ. ಆ ಕಾಲದಲ್ಲಿ ಆ ತಂಡದ ಹುಡುಗರನ್ನು ತಿದ್ದಿದವರು ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಿದ್ದ ಬೆಂಗಳೂರಿನ ಟಿ. ಷಣ್ಮುಗಂ ಅವರು. ಹತ್ತು ಗೋಲುಗಳ ಪಾಠವನ್ನು ಕಣ್ಣಾರೆ ಕಂಡುಬಂದ ತಲೆಮಾರಿನವರೊಬ್ಬರು ಗೋವೆಗೆ ಹೋಗಿ ಮುಂದಿನ ತಲೆಮಾರಿಗೆ ಕಲಿಸಿದರು. ವಿದ್ಯೆಯು ಹೀಗೆ ಊರಿಂದೂರಿಗೆ ನಡೆಯುತ್ತದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತರಬೇತುದಾರ ಡೆರಿಕ್ ಅವರ ವಿಚಾರ. ಅವರ ಮೊದಲ ದೊಡ್ಡ ಫಲ ಬಂದದ್ದು ಮಹೀಂದ್ರ ಯುನೈಟೆಡ್ ತಂಡದಲ್ಲಿ. 2005ರಲ್ಲಿ ಫೆಡರೇಶನ್ ಕಪ್, 2005–06ರಲ್ಲಿ ನ್ಯಾಶನಲ್ ಫುಟ್‌ಬಾಲ್ ಲೀಗ್. 1996–97ರಿಂದ 2006–07ರವರೆಗೆ ಹನ್ನೊಂದು ಸಲ ನಡೆದ ಆ ಲೀಗಿನಲ್ಲಿ ಮಹಾರಾಷ್ಟ್ರದ ತಂಡವೊಂದು ಗೆದ್ದದ್ದು ಅದೊಂದೇ ಸಲ. ಕಲಕತ್ತೆ, ಗೋವೆ, ಪಂಜಾಬುಗಳ ನಡುವೆ ಕೈಯಿಂದ ಕೈಗೆ ಹೋಗುತ್ತಿದ್ದ ಬಹುಮಾನವದು. ‘ರಕ್ಷಣೆಯವನು ತಂಡ ನಡೆಸಿದರೆ ಗೋಲೇ ಇಲ್ಲದ ಸಪ್ಪೆ ಆಟವಾಡಿಸುತ್ತಾನೆ’ ಎಂಬ ಮಾತಿದೆಯಷ್ಟೆ? ಆ ಮಹೀಂದ್ರ ತಂಡದ ಮುಂದಿನ ಸಾಲಿನಲ್ಲಿ ಘಾನಾ ದೇಶದ ಯೂಸಿಫ್ ಯಾಕೂಬು, ಬ್ರಾಜಿಲಿನ ಹೊಸೆ ಬರೆಟೊ ಅಂಥವರಿದ್ದರು. ಹಿಂದೆ ಗೋಡೆ ಗಟ್ಟಿಯಿದ್ದರೆ ಮುಂದಿನವರು ಧೈರ್ಯದಿಂದ ಆಡಬಲ್ಲರು ಎಂಬುದನ್ನು ಆ ತಂಡ ತೋರಿಸಿತು. ಮನೆಯ ಬಾಗಿಲು ಭದ್ರವಾಗಿದ್ದರೆ ಯಜಮಾನ ನಿಶ್ಚಿಂತೆಯಿಂದ ಸಂತೆಗೆ ಹೋಗುತ್ತಾನೆ.

2009ರಲ್ಲಿ ಅವರು ಪುಣೆ ಎಫ್.ಸಿ.ಗೆ ಬಂದರು. 2007ರಲ್ಲಿ ಹುಟ್ಟಿದ ಈ ತಂಡ ಆಗತಾನೇ ಎರಡನೆಯ ದರ್ಜೆಯಿಂದ ಏರಿ ಐ-ಲೀಗಿಗೆ ಕಾಲಿಟ್ಟಿತ್ತು. 1994ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಕಟ್ಟಿದ ಬಾಲೇವಾಡಿಯ ಕ್ರೀಡಾಂಗಣ ತಂಡದ ಮನೆಯಾಯಿತು. ಬಾಲೇವಾಡಿಯ ಪಕ್ಕದಲ್ಲಿ ಹಾಯುವ ಹೆದ್ದಾರಿಯೇ ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿಯ ಮೇಲೆ ಬೆಂಗಳೂರಿಗೆ ಹೋಗುವುದು, ದೀಪಾವಳಿಗೆ ಊರಿಗೆ ಹೊರಟಾಗ ನಮ್ಮಲ್ಲಿ ಅನೇಕರು ಹಿಡಿಯುವ ಹಾದಿ. ಬಸ್ಸಿನ ಕಿಟಕಿಯಿಂದ ಆ ಕ್ರೀಡಾಂಗಣವನ್ನು ನೋಡಿದವರು ನಮ್ಮಲ್ಲಿ ಬಹಳ. ಒಳಗೆ ಹೋಗಿ ಆಟ ನೋಡಿದವರು ಕಡಿಮೆ.

ಮೊದಲ ವರ್ಷವೇ, 2009–10ರಲ್ಲಿ, ಪುಣೆ ತಂಡ ಡೆಂಪೊ, ಚರ್ಚಿಲ್ ಬ್ರದರ್ಸ್ ತಂಡಗಳ ಹಿಂದೆ ಮೂರನೆಯದಾಗಿ ನಿಂತಿತು. ಮೋಹನ ಬಾಗಾನ್, ಈಸ್ಟ್ ಬೆಂಗಾಲ್‌ಗಳಂಥ ದೊಡ್ಡ ಹೆಸರಿನವರು ಅದರ ಕೆಳಗೆ. 2012–13ರಲ್ಲಿ ಹದಿನಾಲ್ಕು ತಂಡಗಳು ಇಪ್ಪತ್ತಾರು ಇಪ್ಪತ್ತಾರು ಪಂದ್ಯಗಳನ್ನಾಡಿದ ಲೀಗಿನಲ್ಲಿ ಪುಣೆಗೆ ಎರಡನೆಯ ಸ್ಥಾನ. ಚರ್ಚಿಲ್ ಬ್ರದರ್ಸ್ ಗೆದ್ದದ್ದು ಕೆಲವೇ ಅಂಕಗಳ ಅಂತರದಿಂದ. ಆರು ವರ್ಷದ ಕೂಸಾದ ಒಂದು ತಂಡ ನೂರು ವರ್ಷ ಮಿಕ್ಕಿದವರನ್ನು ಹಿಂದೆ ಹಾಕಿದ್ದು ಸಣ್ಣ ಮಾತಲ್ಲ.

ಆದರೆ ನಮ್ಮ ದೃಷ್ಟಿಯಲ್ಲಿ ಪುಣೆಯಲ್ಲಿ ಅವರು ಮಾಡಿದ ಕೆಲಸದ ಸಾರ ಈ ಅಂಕಿಗಳಲ್ಲಿಲ್ಲ, ಇಬ್ಬರು ಆಟಗಾರರಲ್ಲಿದೆ. ಒಬ್ಬರು ಅರಾಟಾ ಇಜುಮಿ. ಜಪಾನಿನಲ್ಲಿ ಹುಟ್ಟಿ ಆಟದ ಬೆನ್ನು ಹತ್ತಿ ಭಾರತಕ್ಕೆ ಬಂದವರು, ಮಹೀಂದ್ರದಲ್ಲಿ, ಆಮೇಲೆ ಪುಣೆಯಲ್ಲಿ ಆಡಿದರು. ಕೊನೆಗೆ ತಮ್ಮ ಜಪಾನೀ ಪೌರತ್ವವನ್ನು ಬಿಟ್ಟುಕೊಟ್ಟು ಭಾರತೀಯರಾದರು, 2013ರಲ್ಲಿ ಭಾರತದ ಪರವಾಗಿ ಆಡಿದರು. ನಮ್ಮ ದೇಶ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ ಅವರು ಬಿಟ್ಟದ್ದು ಸುಮ್ಮನೆ ಒಂದು ಕಾಗದವನ್ನಲ್ಲ. ಊರು ಬಿಟ್ಟು ಬಂದ ಊರನ್ನೇ ತನ್ನದೆಂದುಕೊಳ್ಳುವುದು ಎಂಥ ಸಂಕಟ, ಎಂಥ ಸಂತೋಷ ಎಂಬುದು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ-ಇಂಗ್ಲೀಷು ಆಡಿಕೊಂಡು ಬದುಕುವ ನಮಗೆ ಗೊತ್ತು. ಪಾಸ್‌ಪೋರ್ಟ್ ಬದಲಾಯಿಸುವ ಧೈರ್ಯ ಮನುಷ್ಯನಿಗೆ ಬರುವುದು ಈ ಊರಿನಲ್ಲಿ ತನಗೊಂದು ಜಾಗವಿದೆ ಎಂಬ ಭರವಸೆ ಮೂಡಿದಾಗ. ಆಟಗಾರನಿಗೆ ಆ ಭರವಸೆಯನ್ನು ತಂಡ ಕೊಡಬೇಕು. ಪುಣೆ ತಂಡ ಅದನ್ನು ಕೊಟ್ಟಿತ್ತು.

ಇನ್ನೊಬ್ಬರು ಅನಸ್ ಎಡತೊಡಿಕ. ಕೇರಳದ ಮಲಪ್ಪುರದವರು, ಹಿಂದಿನ ಸಾಲಿನ ಆಟಗಾರರು. 2011ರಲ್ಲಿ ಮುಂಬಯಿ ಎಫ್.ಸಿ.ಯಿಂದ ಪುಣೆಗೆ ಬಂದು 2015ರವರೆಗೆ ಇಲ್ಲಿಯೇ ಆಡಿದರು. ಭಾರತದ ಪರವಾಗಿ ಮೊದಲ ಪಂದ್ಯವಾಡಲು ಅವರು 2017ರ ಮಾರ್ಚಿಯವರೆಗೆ ಕಾಯಬೇಕಾಯಿತು. ಆಗ ಅವರ ವಯಸ್ಸು ಮೂವತ್ತು. ಮುಂದಿನ ಸಾಲಿನ ಹುಡುಗ ಹತ್ತೊಂಬತ್ತಕ್ಕೆ ಮಿಂಚುತ್ತಾನೆ. ಹಿಂದಿನ ಸಾಲಿನವನು ನಿಧಾನವಾಗಿ ಹಣ್ಣಾಗುತ್ತಾನೆ. ಹಣ್ಣಾಗುವವರೆಗೆ ತಾಳ್ಮೆಯಿಂದ ಕಾಯುವ ತೋಟಗಾರನೊಬ್ಬ ಬೇಕು. ತಾನೂ ಹಿಂದಿನ ಸಾಲಿನಲ್ಲಿ ನಿಂತು ಬಂದವರ ಕೈಕೆಳಗೆ ಅನಸ್‌ರಂಥವರು ಎರಡು ವರ್ಷ ಕಳೆದದ್ದು ಅವರ ಭಾಗ್ಯವೆಂದೇ ನಾವು ತಿಳಿಯುತ್ತೇವೆ.

2012–13ರ ಆ ಎರಡನೆಯ ಸ್ಥಾನ ಬಂದ ಬೆನ್ನಲ್ಲೇ ಡೆರಿಕ್ ಅವರೂ ಪುಣೆ ತಂಡವೂ ಬೇರೆಯಾದರು. ಹೊರದೇಶದ ತರಬೇತುದಾರರೊಬ್ಬರು ಅವರ ಜಾಗಕ್ಕೆ ಬಂದರು. ಡೆರಿಕ್ ತಮ್ಮ ಹಳೆಯ ಸಾಲ್ಗಾಂವ್ಕರಿಗೆ ಮರಳಿದರು. ವಿಧಿಯ ವಿನೋದ ನೋಡಿ: 2014ರ ಡ್ಯುರಾಂಡ್ ಕಪ್ ಫೈನಲ್ಲಿನಲ್ಲಿ ಎದುರಾದವರು ಸಾಲ್ಗಾಂವ್ಕರ್ ಮತ್ತು ಪುಣೆ ಎಫ್.ಸಿ. ಸಾಲ್ಗಾಂವ್ಕರ್ 1–0ರಿಂದ ಗೆದ್ದಿತು. ಒಂದು ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡದೆ ಗೆಲ್ಲುವುದು ಹಿಂದಿನ ಸಾಲಿನವರಿಗೆ ಎಲ್ಲಕ್ಕಿಂತ ರುಚಿಸುವ ಗೆಲುವು.

ಇಲ್ಲಿಯವರೆಗೆ ಹೇಳಿದ್ದು ಮೆಚ್ಚುಗೆಯ ಮಾತಾಯಿತು. ವಿಮರ್ಶೆಯೆಂದ ಮೇಲೆ ಎದುರು ಪಕ್ಷದ ವಾದವನ್ನೂ ಕೇಳಬೇಕು. ಮೊದಲನೆಯ ಆಕ್ಷೇಪ: ಪುಣೆಯಲ್ಲಿ ನಾಲ್ಕು ವರ್ಷವಿದ್ದರೂ ಲೀಗನ್ನು ಗೆಲ್ಲಿಸಲಿಲ್ಲ. ಇದು ನಿಜ. 2009–10ರ ಮೂರನೆಯ ಸ್ಥಾನದ ಮೇಲೆ ನಡುವಿನ ಎರಡು ವರ್ಷಗಳಲ್ಲಿ ತಂಡ ಮತ್ತೆ ಅಷ್ಟು ಎತ್ತರಕ್ಕೇರಲಿಲ್ಲ. ಲೀಗ್ ಪದ್ಧತಿಯಲ್ಲಿ ಗೆಲುವಿಗೆ ಮೂರು ಅಂಕ, ಸಮಕ್ಕೆ ಒಂದು. ಸೋಲದಿರುವವನಿಗಿಂತ, ಸಮವಾಗಬಹುದಾದ ಆಟವನ್ನು ಸಾಹಸಮಾಡಿ ಗೆಲ್ಲುವವನಿಗೆ ಈ ಲೆಕ್ಕ ಒಲಿಯುತ್ತದೆ. ಮೂರು ಸಮದ ಆಟಗಳಿಂದ ಬರುವ ಅಂಕಗಳು ಒಂದು ಗೆಲುವು, ಎರಡು ಸೋಲುಗಳಿಂದಲೂ ಬರುತ್ತವೆ. ಕಾಯುವುದನ್ನೇ ಮೊದಲು ಕಲಿತವರಿಗೆ ಈ ಗಣಿತ ಕೊಂಚ ಕಹಿ. ಈ ಆಕ್ಷೇಪವನ್ನು ನಾವು ತಳ್ಳಿಹಾಕಲಾರೆವು.

ಎರಡನೆಯ ಆಕ್ಷೇಪ: ದೊಡ್ಡ ರಂಗದಲ್ಲಿ ಅವರ ಕೈಗುಣ ಕಾಣಲಿಲ್ಲ. 2019ರ ಮಾರ್ಚಿಯಲ್ಲಿ 23 ವರ್ಷದೊಳಗಿನವರ ಭಾರತ ತಂಡವನ್ನು ತಾಶ್ಕೆಂಟಿಗೆ ಕರೆದೊಯ್ದಾಗ ಉಜ್ಬೇಕಿಸ್ತಾನ, ತಜಿಕಿಸ್ತಾನಗಳೆದುರು ಸೋಲಾಗಿ ಏಶಿಯನ್ ಸ್ಪರ್ಧೆಗೆ ಅರ್ಹತೆ ಸಿಗಲಿಲ್ಲ. 2021ರ ಡಿಸೆಂಬರಿನಲ್ಲಿ ಎಫ್.ಸಿ. ಗೋವಾದ ಸ್ಪ್ಯಾನಿಶ್ ತರಬೇತುದಾರ ಹುವಾನ್ ಫೆರಾಂಡೊ ಅವರು ನಡುದಾರಿಯಲ್ಲಿಯೇ ತಂಡ ಬಿಟ್ಟು ಕಲಕತ್ತೆಗೆ ಹೊರಟುಹೋದಾಗ ಡೆರಿಕ್ ಅವರ ಹೆಗಲಿಗೆ ನೊಗ ಬಿತ್ತು. ಆ ವರ್ಷ ತಂಡ ಒಂಬತ್ತನೆಯ ಸ್ಥಾನಕ್ಕಿಳಿಯಿತು. ಈ ಅಂಕಿಗಳೂ ಸುಳ್ಳಲ್ಲ. ಆದರೆ ತಾಂತ್ರಿಕ ನಿರ್ದೇಶಕರೆಂದು ಹಿಂದಿನ ಕೋಣೆಯಲ್ಲಿ ಕೂಡಿಸಿದ್ದವರನ್ನು, ಬೇರೊಬ್ಬರು ಆರಿಸಿ ಬೇರೊಬ್ಬರ ರೀತಿಗೆ ಪಳಗಿಸಿದ ತಂಡದ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ನಿಲ್ಲಿಸಿ, ಫಲ ಕಾಣಲಿಲ್ಲವೆಂದು ಅಳೆಯುವುದು ಎಷ್ಟು ನ್ಯಾಯ? ಮಾರ್ಚಿ ತಿಂಗಳ ಮೂವತ್ತಕ್ಕೆ ಇನ್ನೊಬ್ಬರ ಮೇಜಿನ ಫೈಲುಗಳನ್ನೆಲ್ಲ ತನ್ನ ಮೇಜಿಗೆ ಬರಮಾಡಿಕೊಂಡು ವರ್ಷಾಂತ್ಯದ ಲೆಕ್ಕ ಒಪ್ಪಿಸಬೇಕಾದ ಗುಮಾಸ್ತನಿಗೆ ಈ ಪ್ರಶ್ನೆಯ ಉತ್ತರ ಗೊತ್ತು.

ಇಲ್ಲಿ ಇನ್ನೊಂದು ವಿಷಯವೂ ಸೇರಿಕೊಂಡಿದೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಅದರ ಮುಖ್ಯ ತರಬೇತುದಾರರೆಲ್ಲ ಹೊರದೇಶದವರು. ನಮ್ಮವರು ಸಹಾಯಕರು, ಇಲ್ಲವೆ ಆಪತ್ತಿಗೊದಗುವ ನೆಂಟರು. 2021ರಲ್ಲಿ ಖಾಲಿದ್ ಜಮೀಲ್ ಅವರು ನಾರ್ತ್‌ಈಸ್ಟ್ ಯುನೈಟೆಡ್ ತಂಡದಲ್ಲಿ ಖಾಯಂ ಮುಖ್ಯ ತರಬೇತುದಾರರಾದ ಮೇಲೆಯೇ ಆ ಬಾಗಿಲು ತುಸು ತೆರೆದದ್ದು. ಅದೇ ಖಾಲಿದ್ ಜಮೀಲರು 2025ರಲ್ಲಿ ಭಾರತ ತಂಡದ ತರಬೇತುದಾರರಾದರು. ಆಟಗಾರರಾಗಿದ್ದಾಗ ಅವರೂ ಮಹೀಂದ್ರ ತಂಡದಲ್ಲಿದ್ದವರು. ಬೆಂಗಳೂರಿನ ಷಣ್ಮುಗಂ ವೆಂಕಟೇಶ್ ಕೂಡ ಮಹೀಂದ್ರದಲ್ಲಿ ಆಡಿ, ಮುಂದೆ ಸ್ಟೀಫನ್ ಕಾನ್‌ಸ್ಟಂಟೈನ್ ಅವರ ಕೈಕೆಳಗೆ ಭಾರತ ತಂಡದ ಸಹಾಯಕ ತರಬೇತುದಾರರಾದರು. ಮಹೀಂದ್ರದಂಥ ತಂಡಗಳು ಬರಿಯ ಬಹುಮಾನಗಳನ್ನಲ್ಲ, ಕಲಿಸುವವರನ್ನೂ ನಾಡಿಗೆ ಕೊಟ್ಟವು. ಡೆರಿಕ್ ಅವರ ತಲೆಮಾರಿನವರಿಗೆ ತಮ್ಮ ಶಕ್ತಿಯ ತುದಿಯ ವರ್ಷಗಳಲ್ಲಿ ದೊಡ್ಡ ಕುರ್ಚಿ ಸಿಗಲಿಲ್ಲ, ಸಿಕ್ಕಾಗ ಅದರ ಒಂದು ಕಾಲು ಮುರಿದಿತ್ತು.

ಈಗ ನಮ್ಮ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯಕ್ಕೆ ಬರೋಣ. ಡೆರಿಕ್ ಅವರು ಕಟ್ಟಿದ ತಂಡಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು. ಪುಣೆ ಎಫ್.ಸಿ. 2015ರಲ್ಲಿ ಮುಚ್ಚಿತು. ಸಾಲ್ಗಾಂವ್ಕರ್ 2016ರಲ್ಲಿ ಐ-ಲೀಗಿನಿಂದ ಹೊರಬಿತ್ತು. ಪುಣೆಯ ಇನ್ನೊಂದು ತಂಡವಾದ ಡಿ.ಎಸ್.ಕೆ. ಶಿವಾಜಿಯನ್ಸ್ 2015ರಲ್ಲಿ ಅವರನ್ನು ಕರೆಸಿಕೊಂಡಿತು. ಅಲ್ಲಿ ಅವರು ಹೆಚ್ಚು ಕಾಲ ಉಳಿಯಲಿಲ್ಲ, 2017ರ ಹೊತ್ತಿಗೆ ಆ ತಂಡವೇ ಉಳಿಯಲಿಲ್ಲ. 2014ರಲ್ಲಿ ಬಂದ ಎಫ್.ಸಿ. ಪುಣೆ ಸಿಟಿ ಕೂಡ 2019ರಲ್ಲಿ ಮುಗಿದು, ಅದರ ಜಾಗ ಹೈದರಾಬಾದಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಈ ಒಂದೇ ಊರು ಮೂರು ತಂಡಗಳನ್ನು ಕಳೆದುಕೊಂಡಿತು.

ಒಬ್ಬ ಬಡಗಿಯನ್ನು ಅಳೆಯಬೇಕಾದರೆ ಅವನು ಮಾಡಿದ ಬಾಗಿಲನ್ನು ನೋಡುತ್ತೇವೆ. ಮನೆಯನ್ನೇ ಕೆಡವಿಬಿಟ್ಟರೆ ಯಾವ ಬಾಗಿಲನ್ನು ನೋಡೋಣ? ತರಬೇತುದಾರನ ನಿಜವಾದ ಕೆಲಸ ಮೊದಲ ತಂಡದ ಹನ್ನೊಂದು ಜನರಲ್ಲಿ ಕಾಣುವುದಿಲ್ಲ. ಹತ್ತು ವರ್ಷಗಳ ಮೇಲೆ, ಇವತ್ತು ಮೈದಾನದ ಅಂಚಿನಲ್ಲಿ ಚೆಂಡು ಎತ್ತಿಕೊಡುವ ಹುಡುಗರು ಬೆಳೆದು ತಂಡಕ್ಕೆ ಬಂದಾಗ ಅದು ಕಾಣುತ್ತದೆ. ಆ ಹತ್ತು ವರ್ಷ ಯಾವ ತಂಡವೂ ಅವರಿಗೆ ಕೊಡಲಿಲ್ಲ. ಕಲಕತ್ತೆಯ ಜನ ಮೋಹನ ಬಾಗಾನನ್ನು ಮುಚ್ಚಲು ಬಿಡುವರೇ? ಅದು ಯಾವ ಕಂಪನಿಯ ಆಸ್ತಿಯೆಂದು ಅವರು ಕೇಳುವುದಿಲ್ಲ, ಅದು ಅವರದು. ಪುಣೆಯ ತಂಡಗಳು ಮಾಲಕರ ತಂಡಗಳಾಗಿದ್ದವೇ ಹೊರತು ಊರಿನ ತಂಡಗಳಾಗಲಿಲ್ಲ. ಮಾಲಕರನ್ನು ದೂಷಿಸಿ ಪ್ರಯೋಜನವಿಲ್ಲ. ವ್ಯಾಪಾರಿಯು ಲಾಭ ಕಾಣದ ಅಂಗಡಿಯನ್ನು ಎಷ್ಟು ದಿನ ತೆರೆದಿಟ್ಟಾನು? ಊರು ಅದನ್ನು ತನ್ನದೆಂದುಕೊಂಡಿದ್ದರೆ ಮಾತು ಬೇರೆಯಾಗುತ್ತಿತ್ತು. ಈ ಊರಿನವರು ಎಂದಾಗ ನಾವೂ ಅದರಲ್ಲಿ ಸೇರಿದವರೇ. ಪುಣೆ ಎಫ್.ಸಿ. ಮುಚ್ಚಿದಾಗ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅದರ ಮಾತಾಯಿತು?

ಬೆಂಗಳೂರಿನ ಹಳೆಯ ಪದ್ಧತಿ ಬೇರೆಯಿತ್ತು. ಐ.ಟಿ.ಐ., ಎಚ್.ಎ.ಎಲ್., ಎಲ್.ಆರ್.ಡಿ.ಇ., ಸೈನ್ಯದ ಎಂ.ಇ.ಜಿ., ಎ.ಎಸ್.ಸಿ. ತಂಡಗಳು ಹುಡುಗನಿಗೆ ಚೆಂಡಿನೊಡನೆ ನೌಕರಿಯನ್ನೂ ಕೊಡುತ್ತಿದ್ದವು. ಆಡುವ ವಯಸ್ಸು ಮುಗಿದ ಮೇಲೂ ತಿಂಗಳ ಸಂಬಳ, ಕೊನೆಗೆ ಪಿಂಚಣಿ. ಆ ಪದ್ಧತಿಯಲ್ಲಿ ಸೋಮಾರಿತನಕ್ಕೂ ಜಾಗವಿತ್ತೆಂದು ಟೀಕಿಸುವವರಿದ್ದಾರೆ. ವೃತ್ತಿಪರ ತಂಡ ಬಂದರೆ ಆಟದ ಮಟ್ಟ ಏರುತ್ತದೆಂಬುದನ್ನೂ ನಾವು ಒಪ್ಪುತ್ತೇವೆ. ಬೆಂಗಳೂರು ಎಫ್.ಸಿ. 2013–14ರಲ್ಲಿ ತನ್ನ ಮೊದಲ ವರ್ಷವೇ ಐ-ಲೀಗ್ ಗೆದ್ದದ್ದು ಅದಕ್ಕೆ ಸಾಕ್ಷಿ. ಆದರೆ ವರ್ಷವರ್ಷದ ಕರಾರಿನ ಮೇಲೆ ಬದುಕುವ ಆಟಗಾರ, ತರಬೇತುದಾರರಿಗೆ ತಂಡ ಮುಚ್ಚಿದ ಮರುದಿನ ಏನು ಗತಿ ಎಂಬ ಪ್ರಶ್ನೆಗೆ ಹೊಸ ಪದ್ಧತಿ ಇನ್ನೂ ಉತ್ತರ ಕೊಟ್ಟಿಲ್ಲ. ‘ಸರಕಾರಿ ನೌಕರನಿಗೆ ಪಿಂಚಣಿಯಿಲ್ಲದೆ ಬೇರೆ ಯೋಚನೆಯಿಲ್ಲ’ ಎಂದು ವಾಚಕರು ನಗಬಹುದು. ನಗಲಿ. ಮನೆ ನಡೆಸುವವರಿಗೆ ಆ ಯೋಚನೆಯಿಲ್ಲದೆ ತೀರದು. ಮಗ ಚೆನ್ನಾಗಿ ಆಡುತ್ತಾನೆಂದು ತಿಳಿದೂ ಹತ್ತನೆಯ ಇಯತ್ತೆಗೆ ಬಂದೊಡನೆ ಬೂಟು ಕಟ್ಟಿಡಿಸುವ ತಂದೆತಾಯಿಗಳು ಕೆಟ್ಟವರಲ್ಲ. ಅವರು ಮುಚ್ಚಿದ ತಂಡಗಳ ಲೆಕ್ಕವನ್ನು ನಮಗಿಂತ ಮೊದಲೇ ಮಾಡಿದ್ದಾರೆ, ಅಷ್ಟೆ.

ಹಾಗಾದರೆ ಡೆರಿಕ್ ಪೆರೇರಾ ಅವರ ಕೆಲಸದ ಬಗ್ಗೆ ನಮ್ಮ ತೀರ್ಮಾನವೇನು? ರಹೀಂ ಸಾಹೇಬರ ಸಾಲಿನಲ್ಲಿ ಅವರನ್ನು ನಿಲ್ಲಿಸಲು ನಾವು ಹೊರಟಿಲ್ಲ, ಹಾಗೆ ನಿಲ್ಲಿಸುವುದು ಅವರಿಗೂ ಇಷ್ಟವಾಗಲಿಕ್ಕಿಲ್ಲ. ಒಂದು ಲೀಗ್, ಕೆಲವು ಕಪ್ಪುಗಳು, ಗೆಲುವಿನ ಹೊಸ್ತಿಲವರೆಗೆ ಬಂದ ಒಂದು ವರ್ಷ, ನಿರಾಶೆಯ ಕೆಲವು ತಿಂಗಳು. ಇಷ್ಟನ್ನೇ ಬರೆದುಕೊಂಡರೆ ಅದು ಸಾಧಾರಣಕ್ಕಿಂತ ತುಸು ಮೇಲಿನ ದಾಖಲೆಯಾಗುತ್ತದೆ. ಆದರೆ ಅವರು ಇದ್ದಾಗ ತಂಡ ಎಷ್ಟು ಸಲ ಕುಸಿದುಬಿದ್ದಿತು ಎಂದು ಕೇಳಿ ನೋಡಿ. ಮೊದಲ ಮೆಟ್ಟಿಲಿನ ತಂಡವೊಂದನ್ನು ಕೈಗೆ ಕೊಟ್ಟರೆ ಅದು ಕೆಳಗೆ ಜಾರದಂತೆ ನೋಡಿಕೊಂಡು, ಮೂರನೆಯದು, ಎರಡನೆಯದು ಎಂದು ಮೇಲೇರಿಸಿ, ದೇಶದ ತಂಡಕ್ಕೆ ಆಟಗಾರರನ್ನು ಒದಗಿಸುವುದು: ಇದು ಬೇಲಿ ಕಾಯುವವನ ಗುಣ. ಬೇಲಿಯ ಬೆಲೆ ತಿಳಿಯುವುದು ದನ ಹೊಲಕ್ಕೆ ನುಗ್ಗಿದ ಮೇಲೆ. ಅವರು ಹೋದ ಎರಡು ವರ್ಷಗಳಲ್ಲಿ ಪುಣೆ ಎಫ್.ಸಿ. ಇರಲೇ ಇಲ್ಲ. ಅವರು ಹೋದದ್ದರಿಂದ ಅದು ಮುಚ್ಚಿತೆಂದು ನಾವು ಹೇಳುತ್ತಿಲ್ಲ, ಅದಕ್ಕೆ ಹಣದ, ಹೊಸ ಲೀಗಿನ ಕಾರಣಗಳಿದ್ದವು. ಆದರೆ ಎರಡನೆಯ ಸ್ಥಾನ ತಂದವರನ್ನು ಉಳಿಸಿಕೊಳ್ಳಬೇಕೆಂದು ತೋರದ ಸಂಸ್ಥೆಗೆ, ನಿಧಾನವಾಗಿ ಬೆಳೆಯುವ ಯಾವುದನ್ನೂ ಉಳಿಸಿಕೊಳ್ಳುವ ಮನಸ್ಸು ಇದ್ದೀತೆಂದು ನಂಬುವುದು ಕಷ್ಟ.

ನಮ್ಮ ಸಂಘಗಳಿಗೂ ಇದರಲ್ಲೊಂದು ಮಾತಿದೆ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಹಾಡಿದವರ ಹೆಸರು ಮಾಸಿಕದಲ್ಲಿ ಅಚ್ಚಾಗುತ್ತದೆ. ಕುರ್ಚಿ ಹಾಕಿದವರ, ಚಂದಾ ವಸೂಲಿಗೆ ಪಿಂಪ್ರಿಯಿಂದ ಹಡಪಸರದವರೆಗೆ ತಿರುಗಿದವರ ಹೆಸರು ಅಚ್ಚಾಗುವುದಿಲ್ಲ. ಹಿಂದಿನ ಸಾಲಿನವರು ಇಲ್ಲದೆ ಹೋದರೆ ಯಾವ ಸಂಘವೂ ಹತ್ತು ವರ್ಷ ಬಾಳದು ಎಂಬುದು ಹಳೆಯ ಸದಸ್ಯರಿಗೆ ಗೊತ್ತಿದೆ.

2023ರ ಮಾರ್ಚಿಯಲ್ಲಿ ಕರ್ನಾಟಕ ತಂಡ ರಿಯಾಧದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಐವತ್ತನಾಲ್ಕು ವರ್ಷ ಕಾದು ಬಂದ ಗೆಲುವದು. ಗೋಲು ಹೊಡೆದವರ ಹೆಸರುಗಳನ್ನು ಪತ್ರಿಕೆಗಳು ಬರೆದವು, ಬರೆಯಬೇಕಾದ್ದೇ. ಮೇಘಾಲಯದ ಮೂರನೆಯ ಗೋಲು ಆಗದಂತೆ ನೋಡಿಕೊಂಡವರು ಯಾರೆಂದು ಪತ್ತೆ ಮಾಡಿ ಬರೆಯುವ 'ವರದಿಗಾರ'ನೊಬ್ಬ ನಮ್ಮ ಮನೆಗಳ ಹುಡುಗರಲ್ಲಿಯೇ ಹುಟ್ಟಲಿ. ಬರುವ ಭಾನುವಾರ ನಿಮ್ಮ ಮಗನೋ ಮಗಳೋ ಮೈದಾನದಿಂದ ಬಂದು ‘ನನ್ನನ್ನು ಹಿಂದೆ ನಿಲ್ಲಿಸಿದರು’ ಎಂದು ಮುಖ ಸಣ್ಣ ಮಾಡಿದರೆ, ‘ಎಷ್ಟು ಗೋಲು ಹೊಡೆದೆ’ ಎಂದು ಕೇಳಬೇಡಿ. ‘ಎಷ್ಟು ಆಗದಂತೆ ನೋಡಿಕೊಂಡೆ’ ಎಂದು ಕೇಳಿ. ಮಗು ಆ ಲೆಕ್ಕವನ್ನು ಬೆರಳೆಣಿಸಿ ಹೇಳುತ್ತದೆ.